ಅಮಾಸೆಗೆ ಹತ್ತುವ ಲೈಟು

ನಮ್ಮ ಮನೆಯ ಕಾರಿನಲ್ಲಿ ಒಂದು ಹಳದಿ ಲೈಟು ಹತ್ತುತ್ತಿತ್ತು. ಸ್ಟೀರಿಂಗಿನ ಹಿಂದೆ, ಸ್ಪೀಡು ತೋರಿಸುವ ಮುಳ್ಳಿನ ಪಕ್ಕದಲ್ಲಿ, ಗದ್ದೆಯ ಪಂಪ್‌ಸೆಟ್ಟಿನ ಚಿತ್ರ ಬರೆದಂತೆ ಕಾಣುವ ಸಣ್ಣ ಲೈಟು. ಚೆಕ್ ಇಂಜಿನ್ ಲೈಟು ಅನ್ನುತ್ತಾರೆ. ಇಂಜಿನ್ನಿನಲ್ಲಿ ಏನೋ ಸರಿ ಇಲ್ಲ, ನೋಡಿಸು ಅಂತ ಕಾರು ಹೇಳುವ ಮಾತು ಅದು. ಹತ್ತಿದ್ದು ಹತ್ತಿಕೊಂಡೇ ಇದ್ದಿದ್ದರೆ ನನಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಅದು ಹತ್ತುತ್ತಿತ್ತು, ಎರಡು ಮೂರು ದಿನ ಇರುತ್ತಿತ್ತು, ತಾನಾಗಿಯೇ ಆರಿಹೋಗುತ್ತಿತ್ತು. ಹತ್ತುತ್ತಿದ್ದದ್ದು ಅಮಾವಾಸ್ಯೆಯ ದಿನ. ಹತ್ತುವಾಗ ಹಿಂದಿನ ಸೀಟಿನಲ್ಲಿ ನಾನು ಕೂತಿರುತ್ತಿದ್ದೆ.

ಗಂಡ ಸತ್ತ ಹೆಂಗಸು, ಅಮಾವಾಸ್ಯೆ, ಕೇಡಿದೆ ಎಂದು ಹೇಳುವ ಲೈಟು. ಇಷ್ಟು ಒಟ್ಟಿಗೆ ಸಿಕ್ಕಿದ ಮೇಲೆ ನಮ್ಮ ಜನಕ್ಕೆ ಮೆಕ್ಯಾನಿಕ್ ಯಾಕೆ ಬೇಕು.

ನಾನು ಇರುವುದು ನಂಜನಗೂಡಿನಲ್ಲಿ, ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ. ಕೆಲಸ ಟಿ. ನರಸೀಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಜನರ ರಕ್ತ, ಕಫ, ಮೂತ್ರ ನೋಡಿ ಅವರಿಗೇನಾಗಿದೆ ಎಂದು ಬರೆದು ಕಳಿಸುವ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರುತ್ತೇನೆ. ಕಾರು ನನ್ನ ಗಂಡ ಕೊಂಡದ್ದು. ಅವರು ಮೇಷ್ಟ್ರಾಗಿದ್ದರು. ಎದೆನೋವೆಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ನಾನು ನಂಜನಗೂಡಿಗೆ ಬಂದಾಗ ನನ್ನ ಹಿಂದೆಯೇ ಕಾರೂ ಬಂತು. ಕಾಗದದಲ್ಲಿ ಅದು ನನ್ನ ಹೆಸರಿಗಾಯಿತು. ಓಡಿಸುವವನು ತಮ್ಮ. ನನಗೆ ಓಡಿಸಲು ಬರುವುದಿಲ್ಲ. ಗಂಡ ಕಲಿಸುತ್ತೇನೆಂದು ಹೇಳುತ್ತಲೇ ಇದ್ದರು, ನಾನು ನಾಳೆ ನಾಳೆ ಎನ್ನುತ್ತಲೇ ಇದ್ದೆ.

ಅವರನ್ನು ಮಣ್ಣು ಮಾಡಿದ್ದು ಸೋಮನಾಥಪುರದ ಕಡೆಯ ರಸ್ತೆಯಲ್ಲಿ, ಅವರ ಮನೆತನದ ಗದ್ದೆಯ ಮೂಲೆಯಲ್ಲಿ. ಅಮಾವಾಸ್ಯೆಗೆ ಅಲ್ಲಿಗೆ ಹೋಗಿ ದೀಪ ಹಚ್ಚಿ, ಅವರಿಗೆ ಇಷ್ಟವಾಗಿದ್ದ ಒಂದು ಸಾರೋ ಒಂದು ಸಿಹಿಯೋ ಎಲೆಯಲ್ಲಿ ಬಡಿಸಿ ಬರುವುದು ನನ್ನ ಪದ್ಧತಿ. ಅದೊಂದು ದಿನ ಮಾತ್ರ ನಾನು ಬಸ್ಸು ಹತ್ತುತ್ತಿರಲಿಲ್ಲ. ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ನಾನು ಕೇಳಿದ್ದಲ್ಲ, ಅವನೇ ವಹಿಸಿಕೊಂಡದ್ದು. ತಮ್ಮ ಕೆಟ್ಟವನಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ.

ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಶಿಫ್ಟಿನ ಕೆಲಸ. ಅಮಾವಾಸ್ಯೆಯ ಬೆಳಿಗ್ಗೆ ಬಿಡುವು ಮಾಡಿಕೊಂಡು ಕಾರಿಗೆ ಪೂಜೆ ಮಾಡುತ್ತಿದ್ದ. ನಮ್ಮ ಕಡೆ ಗಾಡಿ ಇರುವವರೆಲ್ಲ ಮಾಡುತ್ತಾರೆ. ತೊಳೆದು, ವಿಭೂತಿ ಕುಂಕುಮ ಇಟ್ಟು, ಹೂವು ಸಿಕ್ಕಿಸಿ, ಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಕೊಡುತ್ತಾರೆ. ನನ್ನ ತಮ್ಮನಿಗೆ ಅಷ್ಟು ಸಾಲದು. ಬಾನೆಟ್ ಎತ್ತಿ ಪೈಪು ಹಿಡಿದು ಇಂಜಿನ್ನನ್ನೂ ತೊಳೆಯುತ್ತಿದ್ದ. ಮೈ ತೊಳೆದು ಹೊಟ್ಟೆ ತೊಳೆಯದಿದ್ದರೆ ಅದೆಂಥ ಸ್ನಾನ ಎಂಬುದು ಅವನ ವಾದ. ಆಮೇಲೆ ಇಂಜಿನ್ನಿಗೇ ಕುಂಕುಮ, ಅರಿಸಿನ, ಒಡೆದ ಕಾಯಿಯ ನೀರು. ಇಂಜಿನ್ನಿನ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇತ್ತು. ಅದನ್ನು ಮೊದಲನೆಯ ಆಯುಧಪೂಜೆಗೇ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ಪ್ಲಾಸ್ಟಿಕ್ಕಿಗೆ ಕುಂಕುಮ ಇಟ್ಟರೆ ಅದು ಪ್ಲಾಸ್ಟಿಕ್ಕಿಗೆ ಸೇರುತ್ತದೆ, ಇಂಜಿನ್ನಿಗೆ ಹೇಗೆ ಸೇರುತ್ತದೆ ಎಂದು ನನ್ನನ್ನೇ ಕೇಳಿದ್ದ.

ನನ್ನ ಗಂಡ ದೇವರಿಲ್ಲ ಎನ್ನುವವರಲ್ಲ, ಆದರೆ ಸೋಮಾರಿ. ಹಳೆಯ ಪಂಚೆಯ ತುಂಡು ಒದ್ದೆ ಮಾಡಿ ಗಾಜು ಒರೆಸಿದರೆ ಅವರ ಪೂಜೆ ಮುಗಿಯಿತು. ಅವರು ಬಾನೆಟ್ ಎತ್ತಿದ್ದನ್ನು ನಾನು ನೋಡಿಯೇ ಇಲ್ಲ.

ಮೊದಲ ಸಲ ಲೈಟು ಹತ್ತಿದ್ದು ನಾವು ನಂಜನಗೂಡು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ. ಕಾರು ಬಿಕ್ಕಳಿಸಿದಂತೆ ಜಗ್ಗಿತು. ತಮ್ಮ ಗಾಬರಿಯಾಗಿ ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ. ಲೈಟು ಹೋಗಲಿಲ್ಲ. ನಿಧಾನವಾಗಿ ಹೋಗಿ, ದೀಪ ಹಚ್ಚಿ, ನಿಧಾನವಾಗಿ ವಾಪಸ್ ಬಂದೆವು. ಎರಡು ದಿನ ಬಿಟ್ಟು ಅವನು ಗ್ಯಾರೇಜಿಗೆ ತೆಗೆದುಕೊಂಡು ಹೋಗುವ ಹೊತ್ತಿಗೆ ಲೈಟು ಆರಿತ್ತು, ಜಗ್ಗುವುದೂ ನಿಂತಿತ್ತು. ಗ್ಯಾರೇಜಿನವನು ಒಂದು ರೌಂಡು ಓಡಿಸಿ ನೋಡಿ, "ಇಲ್ದಿರೋ ಕಾಯ್ಲೆಗೆ ಏನ್ ಔಷ್ದಿ ಕೊಡ್ಲಿ ಸಾ" ಅಂದನಂತೆ.

ಮುಂದಿನ ಅಮಾವಾಸ್ಯೆಗೆ ಮತ್ತೆ ಬಂತು. ಈ ಸಲ ಇನ್ನೊಂದು ಗ್ಯಾರೇಜು, ಅಲ್ಲಿ ಸ್ಕ್ಯಾನರ್ ಇತ್ತು. ವೈರು ಸಿಕ್ಕಿಸಿ ನೋಡಿದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗಿತ್ತು, ಈಗ ಇಲ್ಲ ಎಂದು ಬಂತಂತೆ. ಅಂದರೆ ನಾಲ್ಕು ಎತ್ತು ಕಟ್ಟಿದ ಗಾಡಿಯಲ್ಲಿ ಒಂದು ಎತ್ತು ಆಗಾಗ ಎಳೆಯದೆ ನಿಂತುಬಿಡುತ್ತಿದೆ. ಪ್ಲಗ್ಗು ಬದಲಾಯಿಸಿದರು. ಅದರ ಮುಂದಿನ ಸಲ ಪೆಟ್ರೋಲ್ ಬಂಕನ್ನು ಬೈದರು. ಅದರ ಮುಂದಿನ ಸಲ ಮೈಸೂರಿಗೆ ಹೋಗಿ ಇಂಜೆಕ್ಟರ್ ಕ್ಲೀನ್ ಮಾಡಿಸಿದರು. ಲೈಟು ತನ್ನ ಪಾಡಿಗೆ ತಾನು ಅಮಾವಾಸ್ಯೆ ಬಂದಾಗ ಬಂತು, ಹೋಗಬೇಕಾದಾಗ ಹೋಯಿತು.

ನಾನು ತಮ್ಮನಿಗೆ ಹೇಳಿದೆ. ಬಿಟ್ಟು ಬಿಟ್ಟು ಚಳಿಜ್ವರ ಬರುವವರು ಜ್ವರ ಇಳಿದ ಮೇಲೆ ಲ್ಯಾಬಿಗೆ ಬಂದು ಬೆರಳು ಚಾಚಿದರೆ ರಕ್ತ ಸವರಿದ ಗಾಜಿನ ಮೇಲೆ ಏನೂ ಕಾಣದೆ ಹೋಗಬಹುದು. ಜ್ವರ ಏರಿದಾಗ ಬನ್ನಿ ಅಂತ ನಾವು ಹೇಳುತ್ತೇವೆ. ಕಾರನ್ನೂ ಲೈಟು ಹತ್ತಿರುವಾಗಲೇ ತೋರಿಸು. ಅವನು ತಲೆ ಕೆರೆದುಕೊಂಡ.

"ಅಮಾಸೆ ದಿನ ಇಂಜಿನ್ ಬಿಚ್ಬಾರ್ದು ಕಣಕ್ಕ. ಎರಡು ದಿನ ಓಗ್ಲಿ, ತೋರುಸ್ತೀನಿ."

ಎರಡು ದಿನ ಹೋಗುವಷ್ಟರಲ್ಲಿ ಜ್ವರ ಇಳಿದಿರುತ್ತಿತ್ತು. ಅವನು ಮತ್ತೆ ಮಾಡುತ್ತಿದ್ದ ಔಷಧಿ ಒಂದೇ, ಪೂಜೆಯನ್ನು ಇನ್ನಷ್ಟು ಜೋರು ಮಾಡುವುದು. ಮೊದಲು ಪೈಪಿನ ನೀರು, ಆಮೇಲೆ ಕಪಿಲಾ ನದಿಯಿಂದ ಒಂದು ಬಿಂದಿಗೆ, ಆಮೇಲೆ ಬೂದುಗುಂಬಳಕಾಯಿ. ಬಂಪರಿಗೆ ಮೆಣಸಿನಕಾಯಿ ಸರ, ಒಳಗೆ ಕಪ್ಪು ದಾರ. ಅಷ್ಟೆಲ್ಲ ಆದ ಮೇಲೂ ಹಿಂದಿನ ಸೀಟಿಗೆ ನಾನು ಹತ್ತಿ ಕೂರುತ್ತಿದ್ದೆ, ಲೈಟು ಹತ್ತುತ್ತಿತ್ತು.

ತಮ್ಮನ ಹೆಂಡತಿ ನನ್ನ ಮುಖಕ್ಕೆ ಏನೂ ಹೇಳಿದವಳಲ್ಲ. ಅದನ್ನು ಅವಳ ಲೆಕ್ಕಕ್ಕೆ ಬರೆಯಲೇಬೇಕು. ಈಗಿನ ಕಾಲದಲ್ಲಿ ಯಾರೂ ಮುಖಕ್ಕೆ ಹೇಳುವುದಿಲ್ಲ. ನನಗೆ ಹಣೆಗಿಡಬೇಡ ಎಂದವರಿಲ್ಲ, ಬಣ್ಣದ ಸೀರೆ ಉಡಬೇಡ ಎಂದವರಿಲ್ಲ. ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿಕೊಡುವವಳೂ ಅವಳೇ. ಅವಳು ಹೆಡತಲೆ ಎಂಬ ಊರಿನಲ್ಲಿರುವ ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ ಅಡುಗೆಮನೆಯ ಕಿಟಕಿ ತೆಗೆದಿತ್ತು, ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ.

"ಅತ್ಗೆ ಕೂತ್ರೆ ಸಾಕು ಕಣಕ್ಕ, ಲೈಟು ಬತ್ತದೆ. ಅವ್ರ ಯಜಮಾನ್ರು ಇದ್ದಾಗ ಬತ್ತಿತ್ತಾ? ಇಲ್ಲ. ಪಾಪ, ಅವರೇನ್ ಮಾಡ್ತಾರೆ. ಕಾರು ಅವ್ರಿಗೆ ಆಗ್ಬರಲ್ಲ, ಅಷ್ಟೇ."

ಆಗಿಬರಲ್ಲ. ಈ ಮಾತನ್ನು ಕಂಡುಹಿಡಿದವನು ಯಾರೋ, ಬಹಳ ಬುದ್ಧಿವಂತ. ನೆಗಡಿ ಇದ್ದವರಿಗೆ ರಸಬಾಳೆ ಆಗಿಬರುವುದಿಲ್ಲ. ಕೆಲವರಿಗೆ ಬದನೆಕಾಯಿ, ಕೆಲವರಿಗೆ ಪೂರ್ವದ ಬಾಗಿಲು, ಕೆಲವು ಮನೆಗೆ ಸೊಸೆ ಆಗಿಬರುವುದಿಲ್ಲ. ತಪ್ಪು ಬಾಳೆಹಣ್ಣಿನದೂ ಅಲ್ಲ, ತಿಂದವರದೂ ಅಲ್ಲ. ಯಾರನ್ನೂ ಬೈದ ಹಾಗಾಗುವುದಿಲ್ಲ, ಒಬ್ಬರನ್ನು ಹೊರಗೆ ಕೂರಿಸಿದ ಹಾಗೂ ಆಗುತ್ತದೆ. ಶನಿ, ದರಿದ್ರ ಎಂದಿದ್ದರೆ ನಾನು ಒಳಗೆ ನುಗ್ಗಿ ಜಗಳವಾಡಬಹುದಿತ್ತು. ಆಗಿಬರಲ್ಲ ಅಂದವಳ ಹತ್ತಿರ ಏನೆಂದು ಜಗಳವಾಡುವುದು. ಬಟ್ಟೆ ಹರವಿ ಮೇಲೆ ಹೋದೆ. ಕೋಪ ಬಂದಿತ್ತು, ಬಹಳ ಕೋಪ, ಅದಕ್ಕೆ ಎಲ್ಲಿ ಹೋಗಬೇಕೆಂದು ಗೊತ್ತಾಗಲಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲೇ ಹುಟ್ಟಿದ್ದು. ಗಾದೆ ಎಲ್ಲರಿಗೂ ಬರುತ್ತದೆ. ಕೊಂಬೆ ಮುರಿದಾಗ ಮಾತ್ರ ಎಲ್ಲರೂ ಕಾಗೆಯನ್ನೇ ನೋಡುತ್ತಾರೆ.

ಇಷ್ಟೇ ಆಗಿದ್ದರೆ ನಾನು ಬಸ್ಸಿನಲ್ಲೇ ಗದ್ದೆಗೆ ಹೋಗಿಬಂದು ಕಾರಿನ ಸುದ್ದಿ ಬಿಟ್ಟುಬಿಡುತ್ತಿದ್ದೆ. ಅದೇ ಸಮಯಕ್ಕೆ ತಮ್ಮನ ಮಗಳಿಗೆ ಗಂಡು ಗೊತ್ತಾಯಿತು. ಹುಡುಗ ಟಿ. ನರಸೀಪುರದವನು, ಸರ್ಕಾರಿ ಕೆಲಸ. ನಿಶ್ಚಿತಾರ್ಥ ಅವರ ಊರಿನ ಛತ್ರದಲ್ಲೇ ಎಂದು ಮಾತಾಯಿತು.

ಆ ಹುಡುಗಿಯ ವಿಷಯ ಹೇಳಬೇಕು. ನಾನು ಈ ಮನೆಗೆ ಬಂದ ಮೊದಲ ವಾರ, ಯಾರೂ ಹೇಳದೆ, ತನ್ನ ಹಾಸಿಗೆ ಸುತ್ತಿಕೊಂಡು ಮೇಲಿನ ಕೋಣೆಗೆ ಬಂದು ನನ್ನ ಪಕ್ಕದಲ್ಲಿ ಹಾಸಿಕೊಂಡಳು. ಆಮೇಲೆ ಕೆಳಗೆ ಹೋಗಲೇ ಇಲ್ಲ. ಪಿಯುಸಿ, ಡಿಗ್ರಿ, ಆಮೇಲೆ ಮೈಸೂರಿನಲ್ಲಿ ಎಮ್ಮೆಸ್ಸಿ, ಎಲ್ಲ ಓದಿದ್ದು ನನ್ನ ಮಂಚದ ತುದಿಯಲ್ಲಿ ಕೂತು. ರಕ್ತ ಯಾಕೆ ಹೆಪ್ಪುಗಟ್ಟುತ್ತದೆ ಎಂದು ಮೊದಲು ಹೇಳಿಕೊಟ್ಟವಳು ನಾನು. ತಲೆ ಬಾಚಿಸಿಕೊಳ್ಳುತ್ತಿದ್ದದ್ದು ನನ್ನ ಕೈಯಲ್ಲೇ. ಹುಡುಗನ ಫೋಟೋ ಮೊದಲು ತೋರಿಸಿದ್ದೂ ನನಗೇ, ಅಪ್ಪ ಅಮ್ಮನಿಗಿಂತ ಮುಂಚೆ. ಅವಳನ್ನು ನಾನು ಹೆತ್ತಿಲ್ಲ ಎಂಬುದು ನನಗೆ ಎಷ್ಟೋ ದಿನ ಮರೆತೇ ಹೋಗಿರುತ್ತಿತ್ತು.

ನಿಶ್ಚಿತಾರ್ಥದಲ್ಲಿ ಆರತಿ ಎತ್ತುವುದು, ಮಡಿಲು ತುಂಬುವುದು ನನಗೆ ಬೇಕಾಗಿರಲಿಲ್ಲ. ಅದು ಯಾರ ಕೆಲಸ, ಯಾರದಲ್ಲ ಎಂದು ನನಗೆ ಗೊತ್ತು, ನಾನು ಕೇಳುವವಳೂ ಅಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಆ ದಿನ ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಆ ಹುಡುಗಿಯ ಪಕ್ಕದಲ್ಲಿ ಕೂತು ಹೋಗಬೇಕು. ಅವಳಿಗೆ ಗಾಬರಿಯಾದರೆ ಅಂಗೈ ಬೆವರುತ್ತದೆ, ಕೈ ಹಿಡಿದುಕೊಂಡಿರಬೇಕು. ಅದು ನನ್ನ ಗಂಡನ ಕಾರು. ಅಷ್ಟು ಕೇಳುವುದು ದುರಾಸೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ದಿನ ಗೊತ್ತಾದ ಮೇಲೆ ಮನೆಯಲ್ಲಿ ಯಾರ್ಯಾರು ಯಾವ ಗಾಡಿ ಎಂಬ ಮಾತು ಬಂದಾಗಲೆಲ್ಲ ನಾನು ಒಳಗೆ ಬಂದರೆ ಮಾತು ಅಡುಗೆಯವರ ಕಡೆ ತಿರುಗುತ್ತಿತ್ತು. ತಮ್ಮ ಒಮ್ಮೆ ಗೋಡೆ ನೋಡಿಕೊಂಡು, "ಅಕ್ಕ, ನಿಂಗೆ ದಿನಾ ಬಸ್ಸು ಅಭ್ಯಾಸ ಅಲ್ವಾ" ಅಂದ. ನಾನು ಹೌದು ಅಂದೆ. ಆದರೆ ಆ ಹೊತ್ತಿಗೆ ನನಗೆ ಗೊತ್ತಾಯಿತು, ಆ ಲೈಟು ಯಾಕೆ ಹತ್ತುತ್ತದೆ ಎಂದು ತಿಳಿಯದೆ ನನಗೆ ಆ ಸೀಟು ಸಿಗುವುದಿಲ್ಲ.

ನಿಶ್ಚಿತಾರ್ಥಕ್ಕೆ ಮುಂಚೆ ಎರಡು ಅಮಾವಾಸ್ಯೆಗಳಿದ್ದವು. ಮೊದಲನೆಯದರ ದಿನ ತಮ್ಮ ಬೆಳಿಗ್ಗೆ ಪೂಜೆ ಮುಗಿಸುತ್ತಿದ್ದಂತೆ ಫ್ಯಾಕ್ಟರಿಯಿಂದ ಫೋನು ಬಂತು, ಯಾರೋ ಬಂದಿಲ್ಲ, ಶಿಫ್ಟಿಗೆ ಬಾ ಅಂತ. ಹುಡುಗಿ ಡ್ರೈವಿಂಗ್ ಕಲಿತಿದ್ದಳು. ನಾನು ಓಡಿಸುತ್ತೇನೆ ಬನ್ನಿ ಅತ್ತೆ ಅಂದಳು. ಅವಳ ಅಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋಗಿ ಒಂದು ನಿಂಬೆಹಣ್ಣು ತಂದು ಮಗಳ ಕೈಗೆ ಕೊಟ್ಟಳು. ಮಗಳ ಕೈಗೆ ಮಾತ್ರ.

ಊರು ದಾಟಿದೆವು. ಒಂದು ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಅವಳು ಜೋರು ಮಾಡಿದಳು, ಕಾರು ಜಗ್ಗಿತು, ಲೈಟು ಬಂತು. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

"ಗದ್ದೆಗೆ ಆಮೇಲೆ ಹೋಗೋಣ," ನಾನು ಹೇಳಿದೆ, "ಲೈಟು ಇರುವಾಗಲೇ ಗ್ಯಾರೇಜಿಗೆ ನಡಿ."

ಟಿ. ನರಸೀಪುರದಲ್ಲಿ ನನ್ನ ಬಸ್ಸು ದಿನಾ ದಾಟಿಹೋಗುವ ದಾರಿಯಲ್ಲೇ ಒಂದು ಗ್ಯಾರೇಜಿದೆ. ಅದರವನು ಬಾಯಿಬಡುಕ. ನಾನು ಒಂದು ಮಾತು ಹೇಳುವಷ್ಟರಲ್ಲಿ ಅವನು ಹತ್ತು ಹೇಳಿದ. ಇದು ಸೆನ್ಸರು ಅಂದ, ನೋಡದೆಯೇ. ಸ್ಕ್ಯಾನರ್ ಹಾಕಿದ, ಮೂರನೆಯ ಸಿಲಿಂಡರ್ ಈಗಲೂ ಮಿಸ್ ಆಗುತ್ತಿದೆ ಎಂದು ಬಂತು. ಸೆನ್ಸರಲ್ಲ ಅಂತ ನಾನು ಮೊದಲೇ ಹೇಳಿದೆನಲ್ಲ ಅಂದ. ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿದ.

"ಇದರ ಮೇಲ್ಗಡೆ ಕವರ್ ಎಲ್ಲಿ ಮೇಡಮ್?"

"ಅಟ್ಟದ ಮೇಲಿದೆ," ಹುಡುಗಿ ಹೇಳಿದಳು.

ಅವನು ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬಿಚ್ಚಿ ಮೇಲಕ್ಕೆ ಎಳೆದ. ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ಗು ಒಂದು ಸಣ್ಣ ಬಾವಿಯಂಥ ತೂತಿನ ತಳದಲ್ಲಿ ಕೂತಿರುತ್ತದೆ, ಅದರ ಮೇಲೆ ಈ ಕಾಯಿಲ್ ಇಳಿಬಿಟ್ಟಿರುತ್ತದೆ, ಬಾಯಿಗೆ ರಬ್ಬರು. ರಬ್ಬರು ಹಳೆಯದಾಗಿ ಸೀಳಿತ್ತು, ಅದು ಗಟ್ಟಿ ಇದ್ದಷ್ಟು ವರ್ಷ ನೀರು ಒಳಗೆ ಇಳಿದಿರಲಿಕ್ಕಿಲ್ಲ. ಟಾರ್ಚು ಬಿಟ್ಟು ನಮ್ಮನ್ನು ಕರೆದು ತೋರಿಸಿದ. ಬಾವಿಯಲ್ಲಿ ನೀರು ನಿಂತಿತ್ತು. ಬರೀ ನೀರಲ್ಲ. ಕುಂಕುಮ ಕದಡಿದ ಕೆಂಪು ನೀರು, ಮೇಲೆ ತೆಂಗಿನಕಾಯಿಯ ಒಂದೆರಡು ನಾರು.

"ಎಲ್ರೂ ದೇವ್ರಿಗೆ ಅಭಿಷೇಕ ಮಾಡುಸ್ತಾರೆ," ಅವನು ಹೇಳಿದ, "ನೀವು ಪ್ಲಗ್ಗಿಗೆ ಮಾಡ್ಸಿದ್ದೀರಲ್ಲ ತಾಯಿ. ಒಳಗ್ ನೀರ್ ನಿಂತ್ರೆ ಕಿಡಿ ಎಂಗ್ ಬತ್ತದೆ? ಇಂಜಿನ್ ಬಿಸಿಗೆ ಎರಡ್ ಮೂರ್ ದಿನಕ್ಕೆ ಒಣಗ್ತದೆ, ಲೈಟು ಓಯ್ತದೆ. ಮತ್ತೆ ತೊಳೀತೀರಾ, ಮತ್ತೆ ಬತ್ತದೆ. ತಿಂಗ್ಳಿಗೊಂದ್ಸಲ ತೊಳೀತೀರೇನೋ ಅಲ್ವಾ?"

"ಅಮಾವಾಸ್ಯೆಗೆ," ನಾನು ಹೇಳಿದೆ. ಬಂದದ್ದು ಅಳುವೋ ನಗುವೋ ನನಗೇ ತಿಳಿಯಲಿಲ್ಲ.

ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬೆಳಿಗ್ಗೆ ಇಂಜಿನ್ನಿಗೆ ನೀರು, ನೀರು ಬಿದ್ದ ಮೇಲೆ ಮೊದಲ ಪ್ರಯಾಣ ನನ್ನದು. ನಾನಲ್ಲದೆ ಬೇರೆ ಯಾರನ್ನು ಕೂರಿಸಿಕೊಂಡು ಹೋಗಿದ್ದರೂ ಆ ಲೈಟು ಹತ್ತುತ್ತಿತ್ತು. ಹೆಡತಲೆಯ ಆ ಮುತ್ತೈದೆ ಅಕ್ಕ ಕೂತಿದ್ದರೂ ಹತ್ತುತ್ತಿತ್ತು. ದೃಷ್ಟಿ ಹೋಗಲೆಂದು ನೀರು ಹೆಚ್ಚು ಮಾಡಿದಷ್ಟೂ ದೃಷ್ಟಿ ಹೆಚ್ಚಾಗಿತ್ತು. ಗಂಡ ಇದ್ದಾಗ ಬಾರದ ಲೈಟು ಆಮೇಲೆ ಬಂದದ್ದು ಯಾಕೆ? ನನ್ನ ಗಂಡ ಸೋಮಾರಿಯಾಗಿದ್ದದ್ದರಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ಇಲ್ಲಿ ಎತ್ತಿಗೆ ಜ್ವರ ಬರಿಸಿದವರೇ ಬರೆಯನ್ನೂ ಕಾಯಿಸಿ ಹಿಡಿದಿದ್ದರು.

ಹುಡುಗಿ ಫೋನು ತೆಗೆದು ಆ ಕೆಂಪು ನೀರಿನ ವೀಡಿಯೊ ಮಾಡಿದಳು. ಕೇಸಿನಲ್ಲಿ ಗೆದ್ದ ವಕೀಲೆಯ ಹಾಗೆ ನನ್ನ ಹೆಗಲಿಗೆ ಕೈ ಹಾಕಿ, "ಅತ್ತೆ, ನೀವು ಖುಲಾಸೆ," ಅಂದಳು. ಗಾಳಿ ಹೊಡೆದು ನೀರು ತೆಗೆದರು, ಒಣಗಿಸಿದರು, ಹೊಸ ರಬ್ಬರು ಹಾಕಿದರು. ಲೈಟು ಆರಿತು. ಗದ್ದೆಗೆ ಹೋಗುವ ದಾರಿಯಲ್ಲಿ ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ದಿನ ದೀಪ ಹಚ್ಚುವಾಗ ನಾನು ಗಂಡನಿಗೆ ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಪಕ್ಕದಲ್ಲಿ ಅವಳಿದ್ದಳು, ನಾಚಿಕೆಯಾಗಲಿಲ್ಲ.

ಮನೆಯಲ್ಲಿ ವೀಡಿಯೊ ತೋರಿಸಿದ್ದು ಅವಳೇ. ತಮ್ಮ ಎರಡು ಸಲ ನೋಡಿ ಪೆಚ್ಚಾದ. "ನೀರಿಂದ್ಲಾ ಇಷ್ಟೆಲ್ಲ" ಎಂದು ಎದ್ದು ಹೋಗಿ ಅಟ್ಟದಿಂದ ಮುಚ್ಚಳ ಇಳಿಸಿ ಧೂಳು ಒರೆಸಿದ. ಅವನ ಹೆಂಡತಿ ವೀಡಿಯೊವನ್ನು ಪೂರ್ತಿ ನೋಡಿದಳು.

"ನೀರು ಎಲ್ರೂ ಆಕ್ತಾರೆ. ಪಕ್ಕದ್ಮನೆಯೋರು ಆಕಲ್ವಾ? ಅವರ ಕಾರ್ಗೆ ಬತ್ತದಾ?"

ಅವರ ಕಾರು ಹೊಸದು, ಮುಚ್ಚಳ ಇದೆ, ರಬ್ಬರು ಗಟ್ಟಿ ಇದೆ ಎಂದು ಮಗಳು ಬಿಡಿಸಿ ಹೇಳಿದಳು. ಅಮ್ಮ ಕೇಳಿಸಿಕೊಂಡು ತಲೆಯಾಡಿಸಿ ಸಾರಿಗೆ ಒಗ್ಗರಣೆ ಹಾಕಲು ಹೋದಳು. ಒಗ್ಗರಣೆಯ ಘಾಟಿಗೆ ಎಲ್ಲರೂ ಕೆಮ್ಮಿದೆವು, ಮಾತು ಅಲ್ಲಿಗೆ ನಿಂತಿತು.

ಎರಡನೆಯ ಅಮಾವಾಸ್ಯೆಗೆ ತಮ್ಮ ಬಾನೆಟ್ ಎತ್ತಲಿಲ್ಲ. ಒದ್ದೆ ಬಟ್ಟೆಯಲ್ಲಿ ಹೊರಗೆ ಒರೆಸಿ ಮುಂದೆ ಕಾಯಿ ಒಡೆದ. ನಾನು ಹಿಂದೆ ಕೂತೆ. ಹೋಗುವಾಗ ಲೈಟು ಬರಲಿಲ್ಲ, ಬರುವಾಗಲೂ ಬರಲಿಲ್ಲ. ಕಾರು ಬೆಣ್ಣೆಯ ಹಾಗೆ ಹೋಯಿತು. ಮನೆಗೆ ಬಂದು ಚಪ್ಪಲಿ ಬಿಡುತ್ತಾ ನಾನು ತಮ್ಮನ ಹೆಂಡತಿಗೆ ಸ್ವಲ್ಪ ಗತ್ತಿನಲ್ಲೇ ಹೇಳಿದೆ, ಲೈಟು ಬರಲಿಲ್ಲ ನೋಡು ಅಂತ.

"ಗೊತ್ತು ಅತ್ಗೆ," ಅವಳು ಸಂತೋಷವಾಗಿಯೇ ಹೇಳಿದಳು. "ಓದ ಸ್ವಾಮಾರ ದೇವಸ್ಥಾನಕ್ಕೆ ಓಗಿ ನಂಜುಂಡಪ್ಪಂಗೆ ಅರಕೆ ಒತ್ಕಂಡೆ. ಮದ್ವೆ ಮುಗಿಯೋಗಂಟ ಕಾರ್ಗೆ ಏನೂ ಆಗ್ಬಾರ್ದು, ಉರುಳುಸೇವೆ ಮಾಡ್ತೀನಿ ಅಂತ."

ನಾನು ಅಲ್ಲೇ ನಿಂತೆ. ನನ್ನ ಸಾಕ್ಷಿಯನ್ನು ನನ್ನ ಕೈಯಿಂದಲೇ ಕಿತ್ತು ನಂಜುಂಡನಿಗೆ ಒಪ್ಪಿಸಿದ್ದಳು. ಲ್ಯಾಬಿನಲ್ಲಿ ಯಾವ ಪರೀಕ್ಷೆ ಮಾಡಿ ಇದನ್ನು ಸುಳ್ಳೆಂದು ತೋರಿಸಲಿ? ನೀರು ಹಾಕದಿದ್ದದ್ದೂ ಅದೇ ವಾರ, ಹರಕೆ ಹೊತ್ತದ್ದೂ ಅದೇ ವಾರ. ಆದರೂ ನಾನು ಸಮಾಧಾನ ಮಾಡಿಕೊಂಡೆ. ಅವಳು ಓದಿದವಳಲ್ಲ, ನನ್ನನ್ನು ಕಂಡರೆ ಅವಳಿಗೆ ಮೊದಲಿಂದ ಅಷ್ಟಕ್ಕಷ್ಟೇ. ತಮ್ಮನಿಗೆ ಗೊತ್ತಾಗಿದೆ. ಹುಡುಗಿ ಕಣ್ಣಾರೆ ನೋಡಿದ್ದಾಳೆ. ನನಗೆ ಬೇಕಾದ ಸಾಕ್ಷಿ ಅವಳೊಬ್ಬಳೇ.

ನಿಶ್ಚಿತಾರ್ಥದ ಬೆಳಿಗ್ಗೆ ನಾನು ಬೇಗ ಎದ್ದು ತಯಾರಾದೆ. ನೇರಳೆ ಬಣ್ಣದ ರೇಷ್ಮೆ, ಗಂಡ ಕೊಡಿಸಿದ್ದು, ಇಸ್ತ್ರಿ ಮಾಡಿಸಿಟ್ಟಿದ್ದೆ. ಹುಡುಗಿಯ ಜಡೆ ನಾನೇ ಹೆಣೆದೆ. ಕೆಳಗೆ ಕಾರಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದರು. ಎರಡು ವ್ಯಾನು ಬಂದು ನಿಂತಿದ್ದವು, ನೆಂಟರು ಹತ್ತುತ್ತಿದ್ದರು. ನಾನು ಚೀಲಕ್ಕೆ ಒಂದು ಕರವಸ್ತ್ರ, ಅವಳ ತಲೆನೋವಿನ ಮಾತ್ರೆ, ನೀರಿನ ಬಾಟಲಿ ಹಾಕಿಕೊಂಡೆ.

ಅವಳು ಕೆಳಗೆ ಹೋಗಿ ಮತ್ತೆ ಮೇಲೆ ಬಂದಳು. ಬಾಗಿಲು ಮುಂದಕ್ಕೆ ತಳ್ಳಿ ಅದಕ್ಕೆ ಒರಗಿ ನಿಂತಳು. ಹೇಳಬೇಕಾದ್ದು ಅವಳ ಮುಖದಲ್ಲಿತ್ತು, ಆದರೆ ಬಾಯಿಂದ ಬರುವವರೆಗೂ ನಾನು ನಂಬಲಿಲ್ಲ.

"ಅತ್ತೆ, ನೀವು ಬಸ್ಸಲ್ಲಿ ಬರ್ತೀರಾ?"

ವ್ಯಾನಿನಲ್ಲಿ ಜಾಗ ಇಲ್ಲವಾ ಎಂದು ನಾನು ಕೇಳಲಿಲ್ಲ. ಅಮ್ಮ ಹೇಳಿ ಕಳಿಸಿದಳಾ ಎಂದು ಕೇಳಿದೆ.

"ಅಮ್ಮ ಏನೂ ಹೇಳಿಲ್ಲ. ನಾನೇ." ಅವಳು ಬಳೆ ಸರಿಮಾಡಿಕೊಳ್ಳುತ್ತಿದ್ದಳು. "ನಂಗೊತ್ತು ಅತ್ತೆ, ನೀರಿಂದ್ಲೇ ಅಂತ. ನಾನೇ ನೋಡಿದ್ದೀನಲ್ಲ. ಆದ್ರೂ... ಇವತ್ತೊಂದು ದಿನ. ದಾರೀಲಿ ಲೈಟು ಏನಾದ್ರೂ ಬಂದ್ರೆ, ಮನಸಿಗೆ ಒಂಥರಾ ಆಗುತ್ತೆ. ಬೇಜಾರು ಮಾಡ್ಕೋಬೇಡಿ."

ಆದ್ರೂ. ಗೊತ್ತಿಲ್ಲದವರಿಗೆ ತಿಳಿಸಬಹುದು. ಅವಳಮ್ಮನ ಹರಕೆಯ ಜೊತೆಗೂ ನಾನು ಇನ್ನೂ ಹತ್ತು ವರ್ಷ ವಾದ ಮಾಡಬಲ್ಲೆ. ಎಲ್ಲ ಗೊತ್ತಿದೆ, ಆದ್ರೂ ಎನ್ನುವವಳಿಗೆ ನಾನು ಏನು ತೋರಿಸಲಿ? ಅವಳನ್ನು ಹಿಡಿದು ಕೇಳಬೇಕೆನ್ನಿಸಿತು, ನನ್ನ ಮಂಚದ ತುದಿಯಲ್ಲಿ ಕೂತು ಅಷ್ಟು ವರ್ಷ ಏನು ಓದಿದೆ ಎಂದು. ಹೊಡೆಯಬೇಕು ಎನ್ನಿಸಿತು. ಅವಳ ಅಂಗೈ ಆಗಲೇ ಬೆವರಿತ್ತು, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಆಯ್ತು ಕಣಮ್ಮ," ಅಂದೆ. "ನೀವು ನಡೀರಿ."

ಮಾತ್ರೆಯನ್ನೂ ಕರವಸ್ತ್ರವನ್ನೂ ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಬಗ್ಗಿ ಕಾಲು ಮುಟ್ಟಿದಳು. ಒಳ್ಳೆಯದಾಗಲಿ ಅಂದೆ, ಮನಸಾರೆ ಅಂದೆ, ಅದೇ ನನಗೆ ಇನ್ನೂ ಸಿಟ್ಟು. ಕಿಟಕಿಯಿಂದ ನೋಡಿದೆ. ಹಿಂದಿನ ಸೀಟಿನಲ್ಲಿ ಅವಳು ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಹಣ್ಣು ಹೂವಿನ ತಟ್ಟೆಗಳನ್ನು ಜೋಡಿಸಿದ್ದರು. ತಮ್ಮ ಸ್ಟಾರ್ಟ್ ಮಾಡುವ ಮುಂಚೆ ಮೇಲೆ ಕಿಟಕಿಯ ಕಡೆ ಒಮ್ಮೆ ನೋಡಿ, ಕನ್ನಡಿ ಸರಿಮಾಡಿಕೊಂಡ.

ಬಸ್ ಸ್ಟ್ಯಾಂಡಿಗೆ ಹೋದೆ. ಟಿ. ನರಸೀಪುರದ ಬಸ್ಸು ಹತ್ತಿದೆ. ದಿನಾ ನೋಡುವ ಕಂಡಕ್ಟರ್ ರೇಷ್ಮೆ ಸೀರೆ ನೋಡಿ, "ಏನ್ ಮೇಡಮ್, ಇವತ್ತು ಗ್ರ್ಯಾಂಡು" ಅಂದ. ಮನೆಯಲ್ಲಿ ಶುಭಕಾರ್ಯ ಅಂದೆ. ಛತ್ರದ ಹತ್ತಿರ ಬಸ್ಸು ನಿಧಾನ ಮಾಡಿತು, ಹೊರಗೆ ವ್ಯಾನುಗಳು, ಸೇವಂತಿಗೆ ಹಾರ ಹಾಕಿದ ನನ್ನ ಕಾರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವರು ಎಲ್ಲ ಕಂಡರು. ಇಳೀತೀರಾ ಎಂದು ಕಂಡಕ್ಟರ್ ಕೇಳಿದ. ಇಲ್ಲ, ಆಸ್ಪತ್ರೆ ಅಂದೆ.

ಆ ದಿನ ರಜೆ ಹಾಕಿದ್ದೆ. ಲ್ಯಾಬಿನಲ್ಲಿದ್ದವರಿಗೆ ಆಶ್ಚರ್ಯವಾಯಿತು, ಕೇಳಿದ್ದಕ್ಕೆ ಏನೋ ಒಂದು ಹೇಳಿದೆ. ರೇಷ್ಮೆಯ ಮೇಲೆ ಬಿಳಿ ಕೋಟು ತೊಟ್ಟು ಕೂತೆ. ಸಾಲಿನಲ್ಲಿ ಜನ ಇದ್ದರು, ಒಬ್ಬೊಬ್ಬರದೇ ರಕ್ತ ತೆಗೆದೆ. ಕೆಲಸ ಮಾಡುವ ಕೈ ಅಳುವುದಿಲ್ಲ, ಅದೊಂದು ಅನುಕೂಲ.

ಊಟದ ಹೊತ್ತಿಗೆ ತಮ್ಮನ ಫೋನು ಬಂತು. ಹಿಂದೆ ವಾಲಗ, ಜನರ ಗಲಾಟೆ, ತಟ್ಟೆಗಳ ಸದ್ದು.

"ಅಕ್ಕ, ಎಲ್ಲಿದ್ದೀಯಾ? ಎಲ್ರೂ ಕೇಳ್ತಾವ್ರೆ. ಎಲೆ ಆಕವ್ರೆ, ಬಾ."

"ಡ್ಯೂಟಿಗೆ ಕರೆದ್ರು," ನಾನು ಹೇಳಿದೆ. "ಶಾಸ್ತ್ರ ಎಲ್ಲ ಚೆನ್ನಾಗಿ ಆಯ್ತಾ?"

"ಚೆನ್ನಾಗಾಯ್ತು ಕಣಕ್ಕ. ಉಂಗುರ ಆಕುದ್ರು. ನಮ್ ಮಗು ಏನ್ ಚೆಂದ ಕಾಣ್ತಿತ್ತು ಅಂತೀಯ." ಆಮೇಲೆ, ನನಗೂ ಸಂತೋಷವಾಗಲಿ ಎಂದೇ, ನಿಜವಾಗಿಯೂ ನನಗೆ ಸಂತೋಷವಾಗಲಿ ಎಂದೇ, ಹೇಳಿದ. "ದಾರಿಯಲ್ಲಿ ಒಂದ್ಸಲಾನೂ ಲೈಟು ಬರ್ಲಿಲ್ಲ ಕಣಕ್ಕ."

ಅವನಿಗೂ ತಾನು ಏನು ಹೇಳಿದೆ ಎಂದು ಆಗ ಗೊತ್ತಾಯಿತೇನೋ. ಫೋನಿನಲ್ಲಿ ವಾಲಗ ಮಾತ್ರ ಕೇಳುತ್ತಿತ್ತು. ಎಲ್ಲರೂ ಊಟ ಮಾಡಿ ಅಂತ ಹೇಳಿ ಫೋನು ಇಟ್ಟು, ಮುಂದಿನವರನ್ನು ಒಳಗೆ ಕರೆದೆ.